ಮಚಕಾದೊ ಕೊನ್ ವೇವೊ: ಒಣಮಾಂಸ, ಮೊಟ್ಟೆಯ ಬೆಳಗಿನ ತಿಂಡಿ ಮನೆಯಲ್ಲಿ ಮಾಡುವ ಕ್ರಮ

ಟೆಕ್ಸಾಸ್‌ಗೆ ಹೊಸದಾಗಿ ಬಂದ ನಮ್ಮವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಸ್ಯಾನ್ ಆಂಟೋನಿಯೊದಲ್ಲಿ ಬೆಳಿಗ್ಗೆ ಒಂದು ಟಾಕೊ, ಅಂದರೆ ತೆಳು ರೊಟ್ಟಿಯಲ್ಲಿ ಪಲ್ಯದಂಥದ್ದನ್ನು ಇಟ್ಟು ಮಡಿಚಿದ್ದು, ತಿಂದೆವು. ಮೊಟ್ಟೆಯ ಜೊತೆ ದಾರದ ಥರ ಎಳೆ ಎಳೆಯಾದ ಮಾಂಸ ಇತ್ತು. ಮನೆಯಲ್ಲಿ ಮಾಡಿ ನೋಡಿದೆವು, ಆ ರುಚಿ ಬರಲಿಲ್ಲ. ಏನು ತಪ್ಪಾಯಿತು?"

ಏನಾಯಿತು ಅಂತ ವಿಚಾರಿಸಿದರೆ ಮೂರೇ ಉತ್ತರ ಬರುತ್ತವೆ. ಒಬ್ಬರಿಗೆ ಉಪ್ಪು ವಿಪರೀತ ಆಗಿರುತ್ತದೆ. ಇನ್ನೊಬ್ಬರಿಗೆ ಮಾಂಸ ಅಗಿಯಲು ಆಗದಷ್ಟು ಗಟ್ಟಿ. ಮತ್ತೊಬ್ಬರದು ಚೆನ್ನಾಗಿಯೇ ಇರುತ್ತದೆ, ಆದರೆ ಎಗ್ ಬುರ್ಜಿ ಆಗಿರುತ್ತದೆ. ಈ ಮೂರಕ್ಕೂ ಬೇರು ಒಂದೇ. ನಾವು ಇದನ್ನು ಮೊಟ್ಟೆಯ ಅಡುಗೆ ಅಂದುಕೊಂಡು ಶುರು ಮಾಡುತ್ತೇವೆ. ಇದು ಒಣಮಾಂಸದ ಅಡುಗೆ. ಉಪ್ಪು, ಘಮ, ರುಚಿ ಎಲ್ಲ ಬರುವುದು ಆ ಮಾಂಸದಿಂದ. ಮೊಟ್ಟೆ ಅದನ್ನು ಹಿಡಿದು ಕೂರಿಸುತ್ತದೆ, ಅಷ್ಟೇ. ಇದೊಂದು ಮನಸ್ಸಿನಲ್ಲಿದ್ದರೆ ಮುಂದಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ಹೆಸರು, ಊರು

ಸ್ಪ್ಯಾನಿಷ್‌ನಲ್ಲಿ "ಮಚಕಾರ್" ಅಂದರೆ ಕುಟ್ಟುವುದು, ಜಜ್ಜುವುದು. ಮಚಕಾದೊ ಅಂದರೆ ಕುಟ್ಟಿದ್ದು. "ಕೊನ್" ಅಂದರೆ ಜೊತೆ. "ವೇವೊ" ಅಂದರೆ ಮೊಟ್ಟೆ. ಬರೆಯುವಾಗ ಮೊದಲಿಗೆ ಒಂದು ಹಕಾರ ಇರುತ್ತದೆ, ಅದನ್ನು ಉಚ್ಚರಿಸುವುದಿಲ್ಲ. ಹೋಟೆಲಿನಲ್ಲಿ "ಮಚಕಾದೊ ಕೊನ್ ವೇವೊ" ಅಂತ ಕೇಳಿ, ಥಟ್ಟನೆ ಅರ್ಥವಾಗುತ್ತದೆ.

ಇದು ಉತ್ತರ ಮೆಕ್ಸಿಕೊದ ನುಯೆವೊ ಲಿಯೋನ್ ರಾಜ್ಯದ ತಿಂಡಿ. ಮಾಂಟೆರೇ ನಗರದಿಂದ ಉತ್ತರಕ್ಕೆ, ಗಡಿಯ ಕಡೆ ಹೋಗುವ ದಾರಿಯಲ್ಲಿ ಸಿಯೇನೆಗಾ ದೆ ಫ್ಲೋರೆಸ್ ಎಂಬ ಊರಿದೆ. ಈ ತಿಂಡಿಯ ತವರು ಅಂತ ಹೆಸರಾದ ಊರು ಅದೇ. 1920ರ ದಶಕದಲ್ಲಿ ಅಲ್ಲಿ ಹೆದ್ದಾರಿ ಕೆಲಸಕ್ಕೆ ಬಂದವರಿಗೆ ಫಿದೆನ್ಸಿಯಾ ಕಿರೋಗಾ ಎಂಬ ಹೆಂಗಸು ಒಣಮಾಂಸಕ್ಕೆ ಮೊಟ್ಟೆ ಹಾಕಿ ಬಡಿಸಿದಳು, ಅಲ್ಲಿಂದ ಇದು ಹಬ್ಬಿತು ಅಂತ ಅಲ್ಲಿಯ ಜನ ಹೇಳುತ್ತಾರೆ. ಅವಳನ್ನು ಎಲ್ಲರೂ ಕರೆಯುತ್ತಿದ್ದುದು "ಟೀಯಾ ಲೆಂಚಾ" ಅಂತ. ಟೀಯಾ ಅಂದರೆ ಚಿಕ್ಕಮ್ಮ, ಅತ್ತೆ ಎರಡೂ ಆಗುತ್ತದೆ.

ಮಾಂಸ ಒಣಗಿಸುವುದು ಅದಕ್ಕಿಂತ ಎಷ್ಟೋ ಹಳೆಯದು. ಒಣ ಹವೆ, ಸುಡುವ ಬಿಸಿಲು, ದನಗಳು ಬೇಕಾದಷ್ಟು, ಫ್ರಿಜ್ ಇಲ್ಲದ ಕಾಲ. ಒಣಗಿಸದೆ ಬೇರೆ ದಾರಿಯೇ ಇರಲಿಲ್ಲ. ರಿಯೊ ಗ್ರಾಂಡೆ ನದಿ ಮೆಕ್ಸಿಕೊ, ಅಮೆರಿಕ ಎರಡು ದೇಶಗಳ ಗಡಿಯೆಂದು ಗಟ್ಟಿಯಾಗಿದ್ದು 1848ರ ಒಪ್ಪಂದದಲ್ಲಿ. ಅಡುಗೆಮನೆಗಳು ಆ ಗೆರೆಯನ್ನು ಒಪ್ಪಲಿಲ್ಲ. ಹಾಗಾಗಿ ಲರೇಡೊ, ಸ್ಯಾನ್ ಆಂಟೋನಿಯೊ, ರಿಯೊ ಗ್ರಾಂಡೆ ಕಣಿವೆಯ ಊರುಗಳಲ್ಲಿ ಇದು ಇವತ್ತಿಗೂ ಮನೆಯ ತಿಂಡಿ. ಅಂದ ಹಾಗೆ, ಲರೇಡೊದಲ್ಲಿ ಬೆಳಗಿನ ಟಾಕೊಗೆ "ಮರಿಯಾಚಿ" ಅನ್ನುತ್ತಾರೆ. ಅಲ್ಲಿ ಫಲಕದಲ್ಲಿ ಆ ಹೆಸರು ಕಂಡರೆ ಹಾಡುಗಾರರ ತಂಡ ಅಂದುಕೊಂಡು ಮುಂದೆ ಹೋಗಬೇಡಿ.

ಅರಿಝೋನಾ ಕಡೆ ಇರುವವರಿಗೆ ಇದು ಸ್ವಲ್ಪ ಬೇರೆ ರೂಪದಲ್ಲಿ ಸಿಗುತ್ತದೆ. ಅಲ್ಲಿಯದು ಸೊನೋರಾ ರಾಜ್ಯದ ಪದ್ಧತಿ. ಮಾಂಸಕ್ಕೆ "ಮಚಾಕ" ಅಥವಾ "ಕಾರ್ನೆ ಸೆಕಾ" ಅನ್ನುತ್ತಾರೆ. ಕಾರ್ನೆ ಸೆಕಾ ಅಂದರೆ ನೇರವಾಗಿ ಒಣಮಾಂಸ. ಟೂಸಾನ್‌ನಲ್ಲಿ 1922ರಲ್ಲಿ ಶುರುವಾದ ಎಲ್ ಚಾರೊ ಎಂಬ ಹೋಟೆಲು ಚಾವಣಿಯ ಮೇಲೆ ಜಾಲರಿಯ ಪಂಜರ ಇಟ್ಟು ಮಾಂಸ ಒಣಗಿಸುವುದಕ್ಕೇ ಹೆಸರುವಾಸಿ. ಕೆಳಗೆ ಹೇಳುವ ಕ್ರಮ ಟೆಕ್ಸಾಸ್, ನುಯೆವೊ ಲಿಯೋನ್ ಕಡೆಯದು.

ಯಾವ ಮಾಂಸ ಕೊಳ್ಳಬೇಕು

ಮೂರು ದಾರಿಗಳಿವೆ. ಎಷ್ಟು ಪುರುಸೊತ್ತಿದೆ ಅನ್ನುವುದರ ಮೇಲೆ ಆರಿಸಿಕೊಳ್ಳಿ.

ಸುಲಭದ್ದು, ಪೊಟ್ಟಣ. ಮೆಕ್ಸಿಕನ್ ಸಾಮಾನು ಇಡುವ ಅಂಗಡಿಗಳಲ್ಲಿ ಮಚಕಾದೊ, ಮಚಾಕ ಅಥವಾ ಕಾರ್ನೆ ಸೆಕಾ ಅಂತ ಬರೆದ ಪೊಟ್ಟಣ ಸಿಗುತ್ತದೆ. ಒಳಗೆ ಕಂದುಬಣ್ಣದ, ತೆಂಗಿನ ನಾರಿನಂಥ ಎಳೆಗಳು ಕಾಣಬೇಕು. ಪುಡಿಪುಡಿಯಾಗಿ ತಳದಲ್ಲಿ ಕೂತಿದ್ದರೆ ಬಿಡಿ, ಬೇರೆ ನೋಡಿ. ಹಿಂಬದಿಯ ಪಟ್ಟಿ ಓದಿ: ದನದ ಮಾಂಸ, ಉಪ್ಪು, ಹೆಚ್ಚೆಂದರೆ ಮೆಣಸು, ಬೆಳ್ಳುಳ್ಳಿ. ಉದ್ದುದ್ದ ಪಟ್ಟಿ ಇದ್ದಷ್ಟೂ ರುಚಿ ದೂರ.

ಇಲ್ಲೊಂದು ಎಚ್ಚರಿಕೆ. ಪೆಟ್ರೋಲ್ ಬಂಕ್‌ನಲ್ಲಿ ಸಿಗುವ ಬೀಫ್ ಜರ್ಕಿ ತಂದು ಇದನ್ನು ಮಾಡಬೇಡಿ. ಜರ್ಕಿಯೂ ಒಣಮಾಂಸವೇ. ಆದರೆ ಅದಕ್ಕೆ ಸಾಮಾನ್ಯವಾಗಿ ಸಕ್ಕರೆ, ಸೋಯಾ ಸಾಸ್, ಹೊಗೆಯ ವಾಸನೆ ಎಲ್ಲ ಸೇರಿರುತ್ತದೆ. ಮೊಟ್ಟೆಯ ಜೊತೆ ಆ ಸಿಹಿ ಬಹಳ ಕೆಟ್ಟದಾಗಿ ನಾಲಿಗೆಗೆ ತಾಗುತ್ತದೆ.

ಎರಡನೆಯದು, ಮನೆಯಲ್ಲೇ ಒಣಗಿಸುವುದು. ನನಗೆ ಇದೇ ಇಷ್ಟ. ಒಂದು ಭಾನುವಾರ ಕೂತು ಮಾಡಿದರೆ ಐದಾರು ತಿಂಡಿಗೆ ಸಾಕಾಗುತ್ತದೆ.

ಮೂರನೆಯದು, ಬೇಯಿಸಿ ಎಳೆ ಬಿಡಿಸುವುದು. ಅಮೆರಿಕದ ಎಷ್ಟೋ ಹೋಟೆಲುಗಳಲ್ಲಿ ಮಚಾಕ ಅಂತ ಕೊಡುವುದು ಹೀಗೆ ಒಣಗಿಸದೆ, ಬೇಯಿಸಿ ಎಳೆದ ಮಾಂಸವನ್ನೇ. ಅದು ಮೋಸವಲ್ಲ, ಅದೂ ಈಗ ಒಂದು ಪದ್ಧತಿ. ಆದರೆ ನೀವು ತಿಂದ ಟಾಕೊದಲ್ಲಿ ಮಾಂಸ ಗರಿಗರಿ, ಹಗುರ ಇದ್ದರೆ ಅದು ಒಣಮಾಂಸ. ಮೆತ್ತಗೆ, ರಸ ತುಂಬಿ ಇದ್ದರೆ ಬೇಯಿಸಿದ್ದು. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳಿ.

ದನದ ಮಾಂಸ ತಿನ್ನದವರೂ ಕೇಳುತ್ತಾರೆ. ಬಾಹಾ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ತೊರಕೆ ಮೀನಿನಿಂದಲೇ ಮಚಾಕ ಮಾಡುತ್ತಾರೆ. ಆಡಿನ ತೊಡೆಯ ಕೊಬ್ಬಿಲ್ಲದ ಭಾಗವೂ ಇದೇ ಕ್ರಮಕ್ಕೆ ಹೊಂದುತ್ತದೆ.

ಮನೆಯಲ್ಲಿ ಒಣಗಿಸಲು ಬೇಕಾದ್ದು

ಕೊಬ್ಬಿಲ್ಲದ ದನದ ಮಾಂಸ 1 ಕೆಜಿ. ಅಂಗಡಿಯಲ್ಲಿ ಐ ಆಫ್ ರೌಂಡ್ ಅಥವಾ ಟಾಪ್ ರೌಂಡ್ ಅಂತ ಕೇಳಿ. ಎರಡೂ ಹಿಂದೊಡೆಯ ಭಾಗಗಳು, ಎಳೆ ಉದ್ದವಾಗಿ ನೇರವಾಗಿರುತ್ತದೆ. ಉಪ್ಪು 20 ಗ್ರಾಂ. ಎರಡು ನಿಂಬೆಹಣ್ಣಿನ ರಸ. ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು. ಕಾಳುಮೆಣಸಿನ ಪುಡಿ ಒಂದು ಚಮಚ. ಓವನ್, ತಂತಿಯ ಜಾಲರಿ, ಮಾಂಸದ ಶಾಖ ಅಳೆಯುವ ಥರ್ಮಾಮೀಟರ್. ಈ ಥರ್ಮಾಮೀಟರ್ ಇಲ್ಲದೆ ಒಣಗಿಸುವುದಕ್ಕೆ ಕೈ ಹಾಕಬೇಡಿ. ಯಾಕೆಂದು ಮೂರನೇ ಹಂತದಲ್ಲಿ ಹೇಳುತ್ತೇನೆ.

ಉಪ್ಪನ್ನು ಅಳತೆ ಮಾಡಿಯೇ ಹಾಕಿ. ಒಂದು ಕೆಜಿ ಮಾಂಸ ಒಣಗಿದ ಮೇಲೆ ಸುಮಾರು 350 ಗ್ರಾಂ ಉಳಿಯುತ್ತದೆ. ನೀರು ಹೋಗುತ್ತದೆ, ಉಪ್ಪು ಅಲ್ಲೇ ಇರುತ್ತದೆ. ಹಸಿಯಾಗಿದ್ದಾಗ ಸರಿ ಅನ್ನಿಸಿದ ಉಪ್ಪು ಒಣಗಿದಾಗ ಸುಮಾರು ಮೂರು ಪಟ್ಟು ಆಗಿರುತ್ತದೆ.

ಒಣಗಿಸುವ ಹಂತಗಳು

1. ಮಾಂಸವನ್ನು ಫ್ರೀಜರ್‌ನಲ್ಲಿ 45 ನಿಮಿಷ ಇಡಿ. ಪೂರ್ತಿ ಗಟ್ಟಿಯಾಗಬಾರದು, ಬೆರಳಿನಲ್ಲಿ ಒತ್ತಿದರೆ ಸ್ವಲ್ಪ ತಗ್ಗಬೇಕು. ಆಗ ತೆಳ್ಳಗೆ ಹೆಚ್ಚಲು ಬರುತ್ತದೆ. ಬಿಳಿ ಕೊಬ್ಬು ಎಲ್ಲಿ ಕಂಡರೂ ಕೆರೆದು ತೆಗೆಯಿರಿ. ಕೊಬ್ಬು ಒಣಗುವುದಿಲ್ಲ, ಇಟ್ಟಲ್ಲೇ ಕಮಟು ಹಿಡಿಯುತ್ತದೆ. ಆಮೇಲೆ 4 ಮಿಲಿಮೀಟರ್ ದಪ್ಪಕ್ಕೆ, ಎಳೆಯ ಉದ್ದಕ್ಕೆ ಹೆಚ್ಚಿ. ಎಳೆಗೆ ಅಡ್ಡ ಹೆಚ್ಚಬೇಡಿ. ಉಳಿದ ಅಡುಗೆಗಳಲ್ಲಿ ಅಡ್ಡ ಹೆಚ್ಚಿದರೆ ಮೆತ್ತಗಾಗುತ್ತದೆ, ನಿಜ. ಇಲ್ಲಿ ಮುಂದೆ ಕುಟ್ಟಿದಾಗ ನಮಗೆ ಉದ್ದನೆಯ ದಾರ ಸಿಗಬೇಕು. ಅಡ್ಡ ಹೆಚ್ಚಿದರೆ ತುಂಡು ತುಂಡಾಗಿ ಉದುರುತ್ತದೆ.

2. ಉಪ್ಪು, ನಿಂಬೆರಸ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಪ್ರತಿ ಹೋಳಿಗೂ ಸವರಿ. ಮುಚ್ಚಿ ಫ್ರಿಜ್‌ನಲ್ಲಿ ರಾತ್ರಿಯಿಡೀ ಇಡಿ. ಹೊರಗೆ ಇಡಬೇಡಿ. ಇದಕ್ಕೆ ಅರಿಸಿನ, ಗರಂ ಮಸಾಲೆ, ಖಾರದಪುಡಿ ಯಾವುದೂ ಬೇಡ. ಕೈ ತಾನಾಗಿಯೇ ಮಸಾಲೆ ಡಬ್ಬಿಯ ಕಡೆ ಹೋಗುತ್ತದೆ, ಗೊತ್ತು. ಈ ಒಂದು ಸಲ ತಡೆಯಿರಿ.

3. ಒಣಗಿಸುವುದಕ್ಕೆ ಮೊದಲು ಮಾಂಸವನ್ನು ಬಿಸಿ ಮಾಡಬೇಕು. ಎಲ್ಲರೂ ಬಿಟ್ಟುಬಿಡುವ ಹಂತ ಇದು, ಬಿಡಲೇಬಾರದ ಹಂತವೂ ಇದೇ. ಹೋಳುಗಳನ್ನು ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ. 135 ಡಿಗ್ರಿ ಸೆಲ್ಸಿಯಸ್, ಅಂದರೆ ಅಮೆರಿಕದ ಓವನ್‌ನಲ್ಲಿ 275 ಫ್ಯಾರನ್‌ಹೀಟ್ ಶಾಖದಲ್ಲಿ ಸುಮಾರು 10 ನಿಮಿಷ ಇಡಿ. ಆಮೇಲೆ ಎಲ್ಲಕ್ಕಿಂತ ದಪ್ಪ ಇರುವ ಒಂದು ಹೋಳನ್ನು ಇಕ್ಕಳದಲ್ಲಿ ಎತ್ತಿ, ಥರ್ಮಾಮೀಟರ್‌ನ ಮೊನೆಗೆ ಎಲೆ ಸುತ್ತಿದ ಹಾಗೆ ಸುತ್ತಿ ಹಿಡಿದು ನೋಡಿ. 71 ಡಿಗ್ರಿ, ಅಂದರೆ 160 ಫ್ಯಾರನ್‌ಹೀಟ್ ಮುಟ್ಟಿರಬೇಕು. ಮುಟ್ಟದಿದ್ದರೆ ಇನ್ನೂ ಕೆಲವು ನಿಮಿಷ ಬಿಡಿ. ಇದು ಅಮೆರಿಕದ ಕೃಷಿ ಇಲಾಖೆ ಹೇಳುವ ಅಳತೆ. ಮಾಂಸದಲ್ಲಿ ಸಾಲ್ಮೊನೆಲ್ಲಾ, ಇ ಕೋಲೈ ಥರದ ಬ್ಯಾಕ್ಟೀರಿಯಾ ಇದ್ದರೆ ತೇವ ಇರುವಾಗಲೇ ಈ ಶಾಖಕ್ಕೆ ಸಾಯುತ್ತವೆ. ಒಣಗಿಬಿಟ್ಟ ಮೇಲೆ ಅವು ಶಾಖವನ್ನು ಜಾಸ್ತಿ ತಡೆದುಕೊಳ್ಳುತ್ತವೆ. ಹಾಗಾಗಿ ಮೊದಲು ಬಿಸಿ, ಆಮೇಲೆ ಒಣಗಿಸುವುದು. ಕೋಳಿಯಲ್ಲಿ ಮಾಡುವವರು 74 ಡಿಗ್ರಿ ಮುಟ್ಟಿಸಬೇಕು.

4. ಈಗ ಓವನ್‌ನ ಶಾಖವನ್ನು ಅದು ಇಳಿಯುವಷ್ಟು ಇಳಿಸಿ. ಬಹಳಷ್ಟು ಓವನ್‌ಗಳಲ್ಲಿ ಅದು 77 ಡಿಗ್ರಿ, ಅಂದರೆ 170 ಫ್ಯಾರನ್‌ಹೀಟ್. ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಬೆರಳಿನಷ್ಟು ತೆರೆದಿಡಿ, ಆವಿ ಹೊರಗೆ ಹೋಗಬೇಕು. ಬಾಗಿಲು ಮುಚ್ಚಿದರೆ ಮಾಂಸ ತನ್ನದೇ ಆವಿಯಲ್ಲಿ ಬೇಯುತ್ತದೆ, ಒಣಗುವುದಿಲ್ಲ. ಐದರಿಂದ ಏಳು ಗಂಟೆ ಹಿಡಿಯುತ್ತದೆ. ನಡುವೆ ಒಮ್ಮೆ ಮಗುಚಿ ಹಾಕಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತೆರೆದ ಓವನ್ ಹತ್ತಿರ ಒಬ್ಬರು ಇರಲೇಬೇಕು. ಡಿಹೈಡ್ರೇಟರ್, ಅಂದರೆ ಬಿಸಿಗಾಳಿಯಲ್ಲಿ ಒಣಗಿಸುವ ಪೆಟ್ಟಿಗೆ ಇರುವವರು 60 ಡಿಗ್ರಿಯಲ್ಲಿ ಇಡಿ.

"ಬಿಸಿಲಿಗೆ ಇಡಬಹುದಾ, ಹಪ್ಪಳ ಸಂಡಿಗೆ ಇಡುವ ಹಾಗೆ?" ಇದನ್ನೂ ಕೇಳುತ್ತಾರೆ. ಮಾಂಟೆರೇ, ಟೂಸಾನ್ ಕಡೆಯ ಒಣ ಹವೆಯಲ್ಲಿ, ತಿಳಿದವರು ಜಾಲರಿ ಕಟ್ಟಿ ಮಾಡುತ್ತಾರೆ. ಹ್ಯೂಸ್ಟನ್‌ನ ತೇವದಲ್ಲಿ ಮಾಂಸ ಒಣಗುವ ಮೊದಲೇ ಹಳಸುತ್ತದೆ. ಬೇಡ.

5. ಒಂದು ಹೋಳು ಹೊರಗೆ ತೆಗೆದು ಪೂರ್ತಿ ತಣ್ಣಗಾಗಲು ಬಿಡಿ. ಬಿಸಿಯಿದ್ದಾಗ ಎಲ್ಲವೂ ಮೆತ್ತಗೇ ಇರುತ್ತದೆ, ಮೋಸ ಹೋಗುತ್ತೀರಿ. ತಣ್ಣಗಾದ ಮೇಲೆ ಬಗ್ಗಿಸಿ. ಬಾಗಿದ ಜಾಗದಲ್ಲಿ ಬಿಳಿ ಎಳೆಗಳು ಎದ್ದು ಬಿರುಕು ಬಿಡಬೇಕು, ಇನ್ನು ಸ್ವಲ್ಪ ಒತ್ತಿದರೆ ಮುರಿಯುವ ಹಾಗಿರಬೇಕು. ಚರ್ಮದ ಬೆಲ್ಟಿನಂತೆ ಬಾಗಿದರೆ ಇನ್ನೊಂದು ಗಂಟೆ ಬೇಕು.

6. ಕುಟ್ಟುವ ಮೊದಲು ಕಾವಲಿಯ ಮೇಲೆ ಎಣ್ಣೆ ಹಾಕದೆ ಪ್ರತಿ ಹೋಳನ್ನೂ ಎರಡೂ ಕಡೆ ಅರ್ಧರ್ಧ ನಿಮಿಷ ಬಿಸಿ ಮಾಡಿ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಣ ಸಿಗಡಿ ಚಟ್ನಿ ಮಾಡುವಾಗ ಸಿಗಡಿಯನ್ನು ಮೊದಲು ಹುರಿಯುತ್ತೀರಿ, ಅಲ್ವಾ? ಕಾರಣ ಅದೇ. ಉಳಿದ ತೇವ ಹೋಗುತ್ತದೆ, ಘಮ ಬಿಡುತ್ತದೆ, ಎಳೆ ಸಡಿಲವಾಗುತ್ತದೆ.

7. ಈಗ ಕುಟ್ಟುವುದು. ಅಲ್ಲಿ "ಮೊಲ್ಕಹೇತೆ" ಅಂತ ಮೂರು ಕಾಲಿನ ಕಪ್ಪು ಕಲ್ಲಿನ ಕುಟ್ಟಾಣಿ ಇರುತ್ತದೆ. ನಮ್ಮ ಕಲ್ಲಿನ ಕುಟ್ಟಾಣಿ ಧಾರಾಳವಾಗಿ ಸಾಕು. ಒಂದು ಸಲಕ್ಕೆ ಎರಡು ಹೋಳು ಮಾತ್ರ ಹಾಕಿ. ಗುದ್ದಿದಾಗ ಮೊದಲು ಟಕ್ ಟಕ್ ಅಂತ ಗಟ್ಟಿ ಸದ್ದು ಬರುತ್ತದೆ. ಹತ್ತಿಪ್ಪತ್ತು ಪೆಟ್ಟಾದ ಮೇಲೆ ಸದ್ದು ಮೆತ್ತಗಾಗುತ್ತದೆ, ಅಂಚಿನಿಂದ ಎಳೆ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಆಗ ಹೊರಗೆ ತೆಗೆದು ಬೆರಳಿನಲ್ಲಿ ಎಳೆದು ಬಿಡಿಸಿ. ಹತ್ತಿ ಹಿಂಜಿದ ಹಾಗೆ ಹಗುರವಾಗಿ, ಅಂಗೈಯಲ್ಲಿ ಇಟ್ಟರೆ ಭಾರವೇ ಗೊತ್ತಾಗದ ಹಾಗೆ ಬರಬೇಕು.

ಮಿಕ್ಸಿಗೆ ಹಾಕಬಹುದಾ? ನಾನು ಮೊದಲ ಸಲ ಹಾಗೆ ಮಾಡಿ ಅರ್ಧ ಕೆಜಿ ಮಾಂಸ ಚಟ್ನಿಪುಡಿಯಂತಾಗಿತ್ತು. ಮೊಟ್ಟೆಗೆ ಬೆರೆಸಿದರೆ ಮರಳು ಮರಳು. ಹಾಕಲೇಬೇಕಾದರೆ ಗುಂಡಿ ಒತ್ತಿ ಬಿಡಿ, ಒತ್ತಿ ಬಿಡಿ. ಒಂದೊಂದು ಸಲ ಒಂದು ಕ್ಷಣ, ನಾಲ್ಕೈದು ಸಲ. ಪ್ರತಿ ಸಲವೂ ಮುಚ್ಚಳ ತೆಗೆದು ನೋಡಿ.

ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಒಂದು ತಿಂಗಳು ನಿಶ್ಚಿಂತೆ. ಜಾಸ್ತಿ ದಿನಕ್ಕೆ ಫ್ರೀಜರ್. ಡಬ್ಬಿಯ ಒಳಗೋಡೆಯಲ್ಲಿ ನೀರಿನ ಹನಿ ಕಂಡರೆ ಮಾಂಸ ಸರಿಯಾಗಿ ಒಣಗಿಲ್ಲ ಅಂತ ಅರ್ಥ. ಅದೇ ದಿನ ಕಂಡರೆ ಮತ್ತೆ ಓವನ್‌ಗೆ ಹಾಕಿ. ದಿನಗಳಾದ ಮೇಲೆ ಕಂಡರೆ, ಬೂಸಲು ಅಥವಾ ಹುಳಿ ವಾಸನೆ ಇದ್ದರೆ, ಹೊಟ್ಟೆ ಉರಿದರೂ ಎಸೆಯಿರಿ.

ಒಣಗಿಸಲು ಪುರುಸೊತ್ತಿಲ್ಲದವರಿಗೆ

ಅರ್ಧ ಕೆಜಿ ಫ್ಲ್ಯಾಂಕ್ ಮಾಂಸ (ಹೊಟ್ಟೆಯ ಪಕ್ಕದ ಭಾಗ) ತಂದು ಉಪ್ಪು, ಬೆಳ್ಳುಳ್ಳಿ, ಸ್ವಲ್ಪ ನೀರು ಹಾಕಿ ಕುಕ್ಕರ್‌ನಲ್ಲಿ ಸಣ್ಣ ಉರಿಯಲ್ಲಿ 40 ನಿಮಿಷ ಬೇಯಿಸಿ. ಆರಿದ ಮೇಲೆ ಎರಡು ಫೋರ್ಕ್‌ಗಳಿಂದ ಎಳೆ ಬಿಡಿಸಿ. ಇಲ್ಲಿಗೇ ನಿಲ್ಲಿಸಬೇಡಿ. ಎಳೆಗಳನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ 120 ಡಿಗ್ರಿ ಓವನ್‌ನಲ್ಲಿ 45 ನಿಮಿಷ ಇಡಿ, ಆಗಾಗ ಕೆದಕಿ. ತುದಿಗಳು ಗರಿಗರಿ ಆಗುತ್ತವೆ. ಪೂರ್ತಿ ಒಣಮಾಂಸದ ರುಚಿ ಬರುವುದಿಲ್ಲ, ಆದರೆ ದಾರಿಯಲ್ಲಿ ಅರ್ಧಕ್ಕಿಂತ ಮುಂದೆ ಹೋಗಿರುತ್ತೀರಿ. ಇದು ಫ್ರಿಜ್‌ನಲ್ಲಿ ಮೂರು ದಿನಕ್ಕಿಂತ ಜಾಸ್ತಿ ಬೇಡ.

ತಿಂಡಿ ಮಾಡುವುದು: ಮೂರು ನಾಲ್ಕು ಜನಕ್ಕೆ

ಕುಟ್ಟಿದ ಒಣಮಾಂಸ 60 ಗ್ರಾಂ (ಬೇಯಿಸಿ ಎಳೆದದ್ದಾದರೆ 200 ಗ್ರಾಂ). ಮೊಟ್ಟೆ 6. ಮಧ್ಯಮ ಗಾತ್ರದ ಈರುಳ್ಳಿ ಅರ್ಧ, ಬಿಳಿಯದು ಸಿಕ್ಕರೆ ಒಳ್ಳೆಯದು. ಗಟ್ಟಿ ಟೊಮೆಟೊ 2. ಸೆರಾನೊ ಮೆಣಸಿನಕಾಯಿ 1 ಅಥವಾ 2. ಸೆರಾನೊ ಅಂದರೆ ಬೆರಳುದ್ದದ, ಖಾರದ ಹಸಿಮೆಣಸು. ಇಲ್ಲದಿದ್ದರೆ ನಮ್ಮ ಮಾಮೂಲಿ ಹಸಿಮೆಣಸಿನಕಾಯಿ ಹಾಕಿ. ಮೆಣಸಿನಕಾಯಿ, ಟೊಮೆಟೊ ಎರಡೂ ನಮ್ಮ ಊರಿಗೆ ಬಂದದ್ದೇ ಅಮೆರಿಕ ಖಂಡದ ಆ ಕಡೆಯಿಂದ, ಹಾಗಾಗಿ ಇಲ್ಲಿ ನಮ್ಮ ನಾಲಿಗೆಗೆ ಹೊಸತೇನೂ ಇಲ್ಲ. ಹಂದಿ ಕೊಬ್ಬು ಅಥವಾ ಎಣ್ಣೆ 2 ದೊಡ್ಡ ಚಮಚ. ಕೊತ್ತಂಬರಿ ಸೊಪ್ಪು ಸ್ವಲ್ಪ.

ಎಲ್ಲವನ್ನೂ ಮೊದಲೇ ಹೆಚ್ಚಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಒಲೆ ಹಚ್ಚಿದ ಮೇಲೆ ಹೆಚ್ಚಲು ಸಮಯ ಸಿಗುವುದಿಲ್ಲ.

1. ಮಾಂಸದ ಒಂದೆರಡು ಎಳೆ ಬಾಯಿಗೆ ಹಾಕಿ ಉಪ್ಪು ನೋಡಿ. ಪೊಟ್ಟಣದ್ದು ಕೆಲವು ಸಲ ಬಹಳ ಉಪ್ಪಿರುತ್ತದೆ. ಹಾಗಿದ್ದರೆ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಚೆನ್ನಾಗಿ ಹಿಂಡಿ, ಬಟ್ಟೆಯ ಮೇಲೆ ಹರಡಿ. ಗಂಟೆಗಟ್ಟಲೆ ನೆನೆಸಬೇಡಿ, ರುಚಿಯೂ ನೀರಿನ ಜೊತೆ ಹೋಗುತ್ತದೆ.

2. ಅಗಲದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಮಧ್ಯಮ ಉರಿಯಲ್ಲಿ ಮಾಂಸವನ್ನು ಒಂಟಿಯಾಗಿ ಹುರಿಯಿರಿ. ಬೇರೆ ಏನೂ ಇನ್ನೂ ಹಾಕಬೇಡಿ. ಎರಡು ಮೂರು ನಿಮಿಷ. ಎಳೆಗಳು ಎಣ್ಣೆ ಕುಡಿದು ಮೊದಲು ಕಪ್ಪಾಗುತ್ತವೆ, ಆಮೇಲೆ ತುದಿಗಳು ಸುರುಟಿಕೊಂಡು ಕಡಲೆಬೀಜ ಹುರಿದಂಥ ಘಮ ಬರುತ್ತದೆ. ಆ ಘಮ ಬಂದ ಕೂಡಲೇ ಮುಂದಿನ ಹಂತ. ಇನ್ನೂ ಒಂದು ನಿಮಿಷ ಬಿಟ್ಟರೆ ಕಹಿ.

ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ. ನಮಗೆ ಒಗ್ಗರಣೆಯ ಅಭ್ಯಾಸ. ಮೊದಲು ಈರುಳ್ಳಿ, ಆಮೇಲೆ ಟೊಮೆಟೊ, ಕೊನೆಗೆ ಮಾಂಸ. ಹಾಗೆ ಮಾಡಿದರೆ ಒಣಮಾಂಸ ನೇರವಾಗಿ ಟೊಮೆಟೊ ನೀರಿಗೆ ಬೀಳುತ್ತದೆ, ಹುರಿಯುವುದೇ ಇಲ್ಲ. ಆ ಹುರಿದ ರುಚಿ ಇಲ್ಲದೆ ಇದು ಮಚಕಾದೊ ಅಲ್ಲ.

3. ಈರುಳ್ಳಿ, ಹಸಿಮೆಣಸು ಹಾಕಿ ಮೂರು ನಿಮಿಷ. ಈರುಳ್ಳಿ ಕೆಂಪಾಗಬೇಕಿಲ್ಲ, ಮೆತ್ತಗಾದರೆ ಸಾಕು.

4. ಟೊಮೆಟೊ ಹಾಕಿ. ಬಾಣಲೆಯಲ್ಲಿ ಚುರ್ರ್ ಅನ್ನುತ್ತಿದ್ದ ಸದ್ದು ತಟ್ಟನೆ ನಿಂತು ಗುಳುಗುಳು ಶುರುವಾಗುತ್ತದೆ. ಟೊಮೆಟೊ ರಸ ಬಿಡುತ್ತದೆ, ಒಣ ಎಳೆಗಳು ಅದನ್ನು ಕುಡಿದು ಸ್ವಲ್ಪ ಉಬ್ಬುತ್ತವೆ. ಮಾಂಸ ಅಗಿಯುವ ಹಾಗೆ ಮೆತ್ತಗಾಗುವುದು ಈ ನಾಲ್ಕೈದು ನಿಮಿಷದಲ್ಲೇ. ಮಾಂಸ ಇನ್ನೂ ಗಟ್ಟಿ ಅನ್ನಿಸಿದರೆ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿಡಿ. ಆಮೇಲೆ ಮುಚ್ಚಳ ತೆಗೆದು ನೀರು ಪೂರ್ತಿ ಹಿಂಗುವವರೆಗೆ ಕಾಯಿರಿ. ಸಟ್ಟುಗದಿಂದ ಬಾಣಲೆಯ ನಡುವೆ ಒಂದು ಗೆರೆ ಎಳೆಯಿರಿ. ಗೆರೆಗೆ ನೀರು ಹರಿದು ಬರಬಾರದು, ಎಣ್ಣೆಯ ಮಿನುಗು ಮಾತ್ರ ಕಾಣಬೇಕು. ಇದನ್ನು ಅವಸರ ಮಾಡಿದರೆ ಮೊಟ್ಟೆ ನೀರು ನೀರಾಗಿ ಒಡೆಯುತ್ತದೆ.

5. ಉರಿ ಸಣ್ಣ ಮಾಡಿ. ಮೊಟ್ಟೆಗಳನ್ನು ಬಟ್ಟಲಿಗೆ ಒಡೆದು ಫೋರ್ಕ್‌ನಿಂದ ಎಂಟು ಹತ್ತು ಸಲ ಕದಡಿ, ಸಾಕು. ಬಿಳಿ, ಹಳದಿ ಬೇರೆ ಬೇರೆಯಾಗಿ ಸ್ವಲ್ಪ ಕಾಣುತ್ತಿರಬೇಕು. ಉಪ್ಪು ಹಾಕಬೇಡಿ. ಬಾಣಲೆಗೆ ಸುರಿದು ಅರ್ಧ ನಿಮಿಷ ಮುಟ್ಟದೆ ಬಿಡಿ. ತಳ ಹಿಡಿಯುತ್ತಿದ್ದಂತೆ ಅಂಚಿನಿಂದ ನಡುವಿಗೆ ದೊಡ್ಡ ದೊಡ್ಡ ಮಡಿಕೆಗಳಾಗಿ ಮಗುಚಿ. ಬುರ್ಜಿಗೆ ಮಾಡುವ ಹಾಗೆ ಕುಟ್ಟಿ ಕುಟ್ಟಿ ಪುಡಿ ಮಾಡಬೇಡಿ.

6. ಮೊಟ್ಟೆಯ ಮೇಲೆ ಇನ್ನೂ ಸ್ವಲ್ಪ ಹೊಳಪು ಇರುವಾಗಲೇ ಒಲೆ ಆರಿಸಿ. ಬಾಣಲೆಯ ಬಿಸಿಯಲ್ಲೇ ಉಳಿದದ್ದು ಬೇಯುತ್ತದೆ. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ತಿನ್ನುವುದಾದರೆ ಹೊಳಪು ಹೋಗುವವರೆಗೆ ಪೂರ್ತಿ ಬೇಯಿಸಿ.

7. ಈಗ, ಈಗ ಮಾತ್ರ, ಉಪ್ಪು ನೋಡಿ. ಬಹಳ ಸಲ ಏನೂ ಬೇಕಾಗುವುದಿಲ್ಲ. ಕೊತ್ತಂಬರಿ ಉದುರಿಸಿ ಇಳಿಸಿ.

ಉಪ್ಪು ಜಾಸ್ತಿ ಆಗಿಯೇ ಹೋಯಿತು ಅಂದುಕೊಳ್ಳಿ. ಇನ್ನೆರಡು ಮೊಟ್ಟೆ ಉಪ್ಪಿಲ್ಲದೆ ಬೇರೆ ಬಾಣಲೆಯಲ್ಲಿ ಮಾಡಿ ಬೆರೆಸಿ. ನಿಂಬೆ ಹಿಂಡಿದರೆ ಸರಿಹೋಗುತ್ತದೆ ಅನ್ನುತ್ತಾರೆ, ಇದರಲ್ಲಿ ಅದು ಕೆಲಸ ಮಾಡುವುದಿಲ್ಲ.

ಜೊತೆಗೆ ಏನು

ಉತ್ತರ ಮೆಕ್ಸಿಕೊ ಗೋಧಿಯ ಸೀಮೆ. ಹಾಗಾಗಿ ಇದಕ್ಕೆ ಸರಿಯಾದ ಜೋಡಿ ಗೋಧಿಹಿಟ್ಟಿನ ಟೊರ್ಟಿಯಾ, ಮೆಕ್ಕೆಜೋಳದ್ದಲ್ಲ. ಟೊರ್ಟಿಯಾ ಅಂದರೆ ಟಾಕೊ ಸುತ್ತುವ ಆ ತೆಳು ರೊಟ್ಟಿ. ಮನೆಯಲ್ಲಿ ಮಾಡುವುದಾದರೆ 250 ಗ್ರಾಂ ಮೈದಾಗೆ 60 ಗ್ರಾಂ ಕೊಬ್ಬು ಅಥವಾ ಬೆಣ್ಣೆ, ಅರ್ಧ ಚಮಚ ಉಪ್ಪು ಹಾಕಿ ಬೆರಳಿನಲ್ಲಿ ಉಜ್ಜಿ. ಸುಮಾರು 130 ಮಿಲಿ ಬಿಸಿನೀರಿನಲ್ಲಿ ಕಲಸಿ ಅರ್ಧ ಗಂಟೆ ಮುಚ್ಚಿಡಿ. ತೆಳ್ಳಗೆ ಲಟ್ಟಿಸಿ, ಚೆನ್ನಾಗಿ ಕಾದ ಕಾವಲಿಯಲ್ಲಿ ಒಂದೊಂದು ಕಡೆ ಅರ್ಧ ನಿಮಿಷ ಸುಡಿ, ಬಟ್ಟೆಯಲ್ಲಿ ಸುತ್ತಿಡಿ. ಬಟ್ಟೆ ಮರೆತರೆ ಹತ್ತು ನಿಮಿಷಕ್ಕೆ ಹಪ್ಪಳ. ಇದಕ್ಕೆ ಬದಲು ಚಪಾತಿ ಆಗುತ್ತಾ? ಹಸಿವಾದಾಗ ಖಂಡಿತ ಆಗುತ್ತದೆ. ಎಣ್ಣೆ ಸವರದೆ, ತೆಳ್ಳಗೆ ಮಾಡಿ.

ಪಕ್ಕದಲ್ಲಿ "ಫ್ರಿಹೋಲೆಸ್ ರೆಫ್ರಿತೋಸ್" ಇರುತ್ತದೆ. ಬೇಯಿಸಿದ ಪಿಂಟೊ ಬೀನ್ಸ್ ಅನ್ನು ಕೊಬ್ಬಿನಲ್ಲಿ ಮಸೆದು ಗಟ್ಟಿ ಮಾಡಿದ್ದು. ಪಿಂಟೊ ಅಂದರೆ ನಮ್ಮ ರಾಜ್ಮಾದ ಜಾತಿಯದೇ ಚುಕ್ಕೆ ಚುಕ್ಕೆ ಕಾಳು. ಉಪ್ಪುಪ್ಪಾದ ಮಾಂಸಕ್ಕೆ ಈ ಸಪ್ಪೆ ಕಾಳು ಬಹಳ ಒಳ್ಳೆಯ ಜೊತೆ, ಬಿಡಬೇಡಿ. ಸಾಲ್ಸಾ ಬೇಕಾದರೆ ಎರಡು ಟೊಮೆಟೊ, ಒಂದು ಸೆರಾನೊ, ಒಂದು ಎಸಳು ಬೆಳ್ಳುಳ್ಳಿಯನ್ನು ಕಾವಲಿಯಲ್ಲಿ ಕಪ್ಪು ಚುಕ್ಕೆ ಬರುವವರೆಗೆ ಸುಟ್ಟು, ಅದೇ ಕುಟ್ಟಾಣಿಯಲ್ಲಿ ಜಜ್ಜಿ. ಸುಟ್ಟ ಟೊಮೆಟೊ ಚಟ್ನಿ ಗೊತ್ತಿರುವವರಿಗೆ ಇದು ಹೊಸದಲ್ಲ.

ಖಾರ ಇನ್ನೂ ಬೇಕಾದವರು "ಚಿಲೆ ಪಿಕೀನ್" ಹುಡುಕಿ. ಕಾಳಿನಷ್ಟು ಚಿಕ್ಕ ಕಾಡುಮೆಣಸು, ಟೆಕ್ಸಾಸ್‌ನ ಬೇಲಿಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. 1997ರಲ್ಲಿ ಟೆಕ್ಸಾಸ್ ಅದನ್ನು ರಾಜ್ಯದ ನಾಡಮೆಣಸು ಎಂದು ಘೋಷಿಸಿತು. ಮಲೆನಾಡಿನ ಸೂಜಿಮೆಣಸು ತಿಂದವರಿಗೆ ಆ ಚುರುಕು ಪರಿಚಯದ್ದೇ. ಎರಡು ಕಾಳು ಜಜ್ಜಿ ಹಾಕಿದರೆ ಇಡೀ ಬಾಣಲೆಗೆ ಸಾಕು.

ಮಿಕ್ಕಿದ್ದನ್ನು ಏನು ಮಾಡುವುದು? ಟೊರ್ಟಿಯಾದಲ್ಲಿ ಬಿಗಿಯಾಗಿ ಸುತ್ತಿ, ಫಾಯಿಲ್‌ನಲ್ಲಿಟ್ಟು ಫ್ರಿಜ್‌ಗೆ ಹಾಕಿ. ಮಾರನೇ ದಿನ ಫಾಯಿಲ್ ಬಿಚ್ಚಿ ಒಣ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಹೊರಳಿಸುತ್ತಾ ಒಳಗಿನವರೆಗೂ ಬಿಸಿ ಮಾಡಿ. ಮೈಕ್ರೋವೇವ್‌ನಲ್ಲಿ ಇಟ್ಟರೆ ಮೊಟ್ಟೆ ರಬ್ಬರ್ ಆಗುತ್ತದೆ. ಎರಡನೇ ದಿನ ದಾಟಿಸಬೇಡಿ.